ಹಂದಿ ಪೊರ್ಬುಗಳ ಹೊಗಳಿಕೆ

ಹೋದ ವಾರ ಬಾರ್ಕೂರಿನ ಹಂದಿ ಪೊರ್ಬುಗಳು ತೀರಿಕೊಂಡರು. ಶವದ ಪೆಟ್ಟಿಗೆಯೊಳಗೆ ಅವರಿಗೆ ತೊಡಿಸಿದ್ದ ಕಂದು ಕೋಟು ನಾನು ಹೊಲಿದದ್ದು. ಮಗಳ ಮದುವೆಗೆಂದು ಹೊಲಿಸಿದಾಗ ಗುಂಡಿ ಹಾಕಲು ಅವರ ಹೊಟ್ಟೆ ಬಿಡುತ್ತಿರಲಿಲ್ಲ. ಈಗ ಅದೇ ಕೋಟಿನೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಇಗರ್ಜಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಭುಜದ ಹತ್ತಿರ ಚೂರು ಒಳಗೆ ಹಿಡಿದು ಹೊಲಿಯಬಹುದಿತ್ತಲ್ಲ ಎಂಬ ಯೋಚನೆ. ದರ್ಜಿಯ ಬುದ್ಧಿ ಎಲ್ಲಿ ಹೋಗುತ್ತದೆ! ದುಃಖ ಆಮೇಲೆ, ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತಾಗ ಬಂತು.

ನಮ್ಮ ಬದಿಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎನ್ನುವುದು, ಅವರ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಹಾಗೆ ಕರೆಸಿಕೊಳ್ಳುವವರು ಬಾರ್ಕೂರಿನಲ್ಲಿ ತುಂಬ ಜನ ಇದ್ದುದರಿಂದ, ಹಂದಿ ಸಾಕುತ್ತಿದ್ದ ಇವರು ಹಂದಿ ಪೊರ್ಬುಗಳಾದರು. ಆ ಹೆಸರಿನ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ದೂರದ ಊರಿನವರು ಯಾರಾದರೂ ಮನೆ ಹುಡುಕಿಕೊಂಡು ಬರುವುದಿದ್ದರೆ, "ಹೆಸ್ರ್ ಕೇಂಡ್ರೆ ಯಾರಿಗೂ ಗೊತ್ತಾತಿಲ್ಲೆ, ಹಂದಿ ಅಂದ್ ಕೇಣಿ" ಎಂದು ತಾವೇ ಹೇಳಿ ಕಳಿಸುತ್ತಿದ್ದರು. ಅವರ ತೆಂಗಿನ ತೋಟ ದಾಟಿ ಇನ್ನೊಂದು ತೋಟ, ಅದರಾಚೆ ನನ್ನ ಮನೆ. ಅಂಗಡಿ ಮಾತ್ರ ಬ್ರಹ್ಮಾವರದಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ.

ಅವರಷ್ಟು ಹೊಗಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಮುಖಸ್ತುತಿ ಬೇರೆ, ಇದು ಬೇರೆ. ಏನಾದರೂ ಚೆನ್ನಾಗಿರುವುದು ಕಣ್ಣಿಗೆ ಬಿದ್ದರೆ ಅದನ್ನು ನಾಲ್ಕು ಜನಕ್ಕೆ ಹೇಳದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಒಮ್ಮೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಎಲ್ಲರೂ ಡ್ರೈವರನ್ನು ಬೈಯುತ್ತಿದ್ದರೆ ಇವರು, "ಮರದ್ ನೆಳ್ಳಂಗೇ ನಿಲ್ಸಿದ್ದ ಕಾಣಿ, ಎಂತಾ ಬುದ್ಧಿವಂತ!" ಎಂದು ಅವನ ಬೆನ್ನು ತಟ್ಟಿದರು. ನನ್ನ ಹೆಂಡತಿ ಹಂದಿ ಎಂದರೆ ಮೂಗು ಮುಚ್ಚಿಕೊಳ್ಳುವವಳು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಸೇರಿದ ಅಕ್ಕಚ್ಚನ್ನು ನಮ್ಮ ಹಿತ್ತಲಿನ ಮಡಕೆಯಿಂದ ಕೊಂಡುಹೋಗಲು ಅವರು ಬರುವಾಗ ಅವಳು ಒಳಗೆ ಸೇರಿಕೊಳ್ಳುತ್ತಿದ್ದಳು. ಒಂದು ದಿನ ಅವರು ಅಂಗಳದಲ್ಲಿ ನಿಂತು, "ಹ್ವಾಯ್ ಟೈಲರ್ರೆ, ನಿಮ್ಮನಿ ಅಕ್ಕಚ್ಚಿನಂಥಾ ಅಕ್ಕಚ್ಚ್ ಈ ಹೊಳಿ ಬದಿಯಂಗೇ ಇಲ್ಲೆ! ಹಂದಿ ಬೇರೆವ್ರ್ ಮನೀದ್ ಮುಟ್ಟೂದೇ ಇಲ್ಲೆ" ಎಂದು ಊರಿಗೆ ಕೇಳುವ ಹಾಗೆ ಹೇಳಿದರು. ಅವತ್ತಿನಿಂದ ನಮ್ಮ ಮನೆಯ ಉಳಿದ ಗಂಜಿಯೂ ಆ ಮಡಕೆಗೇ ಬೀಳತೊಡಗಿತು. ಆಮೇಲೆ ನಾನು ಎರಡನೇ ಸಲ ಗಂಜಿ ಕೇಳಿದರೆ ನನಗೇ ಇರುತ್ತಿರಲಿಲ್ಲ.

ಹಂದಿ ಸಾಕುವುದರಲ್ಲಿ ಅವರಿಗೆ ಬಹಳ ನಿಷ್ಠೆ. ಕೆಸುವಿನ ದಂಟು ಬೇಯಿಸಿ, ತೌಡು ಕಲಸಿ, ಕೈಯಲ್ಲಿ ಬಿಸಿ ನೋಡಿಯೇ ಹಾಕುವುದು. ಪೇಟೆಯಿಂದ ಮೀನಿನ ತಲೆ ತರುತ್ತಿದ್ದರು. ಆದರೆ ಕಡಿಯುವ ದಿನ ಹತ್ತಿರ ಬಂತೆಂದರೆ ಮೀನು ಪೂರ್ತಿ ಬಂದ್, ಇಲ್ಲದಿದ್ದರೆ ಕೊಬ್ಬಿಗೆ ವಾಸನೆ ಹತ್ತುತ್ತದೆ. ಒಂದೊಂದಕ್ಕೂ ಒಂದೊಂದು ಹೆಸರು. ಬೆಳಿಗ್ಗೆ ಗೂಡಿನ ಬಾಗಿಲಲ್ಲಿ ನಿಂತು ಅವುಗಳನ್ನೂ ಹೊಗಳುತ್ತಿದ್ದರು.

ಹೆಸರಿಟ್ಟು ಸಾಕಿದ್ದನ್ನು ಅವರು ತಾವೇ ಕಡಿಯುತ್ತಿರಲಿಲ್ಲ. ಅನ್ನ ಹಾಕಿದ ಕೈಯಲ್ಲಿ ಚೂರಿ ಹಿಡಿಯುವುದಿಲ್ಲ ಎಂದು ಅವರ ಅಪ್ಪನ ಕಾಲದಿಂದ ಬಂದ ಕಟ್ಟು. ಕಡಿಯುವ ದಿನ ಬೆಳಿಗ್ಗೆ ಅವರು ಮನೆಯಲ್ಲೇ ಇರುತ್ತಿರಲಿಲ್ಲ. ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಬಂದು, ನಾನು ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮೆಟ್ಟಿಲಲ್ಲಿ ಕೊಡೆ ಹಿಡಿದು ಕೂತಿರುತ್ತಿದ್ದರು. ಯಾರಾದರೂ ಬಂದು "ಆಯ್ತ್" ಎನ್ನುವವರೆಗೆ ಅಲ್ಲೇ. ಅಷ್ಟು ಹೊತ್ತು ಬಾಯಿಗೆ ಬಿಡುವಿಲ್ಲದೆ ಮಾತು. ನನ್ನ ಕತ್ತರಿ, ನನ್ನ ಕಾಲರು, ಎದುರಿನ ಹೋಟೆಲಿನ ಚಹಾ, ಎಲ್ಲಕ್ಕೂ ಒಂದೊಂದು ಹೊಗಳಿಕೆ. ಆ ದಿನ ಅವರ ಮಾತಿಗೆ ನಾನು ಅಡ್ಡ ಬರುತ್ತಿರಲಿಲ್ಲ. ಮನಸ್ಸು ಎಲ್ಲಿದೆ ಎಂದು ಗೊತ್ತಿತ್ತು.

ಆದ್ದರಿಂದ ಅವರ ಬದುಕೆಲ್ಲ ನಿಂತಿದ್ದುದು ಬೇರೆಯವರ ಕೈಯ ಮೇಲೆ. ಹಂದಿ ಕಡಿಯುವುದೆಂದರೆ ಕೋಳಿ ಕೊಯ್ದ ಹಾಗಲ್ಲ. ಹಂಡೆ ನೀರು ಕುದಿಸಬೇಕು, ಗೋಣಿ ಹೊದಿಸಿ ನೀರು ಹೊಯ್ಯಬೇಕು, ಚರ್ಮ ಸುಲಿಯದ ಹಾಗೆ ಕೂದಲು ಮಾತ್ರ ಕೆರೆದು ತೆಗೆಯಬೇಕು. ನೀರು ಹೆಚ್ಚು ಕುದಿದರೆ ಚರ್ಮ ಬೇಯುತ್ತದೆ, ಕಡಿಮೆಯಾದರೆ ಕೂದಲು ಬರುವುದಿಲ್ಲ. ಹೊಟ್ಟೆ ಬಿಡಿಸುವಾಗ ಪಿತ್ತದ ಚೀಲಕ್ಕೆ ಚೂರಿಯ ಮೊನೆ ತಾಗಿತೋ, ಎಲ್ಲ ಮುಗಿಯಿತು. ಇಷ್ಟನ್ನು ಚೊಕ್ಕವಾಗಿ ಮಾಡುವವನು ಮೊದಲು ಪೆದ್ರು ಎಂಬವನಿದ್ದ. ಅವನ ಕೈಕೆಳಗೆ ಮೂವರು.

ಹಂದಿ ಬಡಿಸುವ ಅವರ ಮದುವೆಗಳಲ್ಲಿ ಒಂದು ಕ್ರಮವಿತ್ತು. ಮದುಮಗನ ಕೋಟು ಹೊಲಿದವನಾದ್ದರಿಂದ ನನಗೆ ಎಲ್ಲ ಕಡೆ ಕರೆ ಇರುತ್ತಿತ್ತು, ನಾನು ತಿನ್ನುವುದು ಮೀನು ಮಾತ್ರವಾದರೂ. ಊಟ ಬಡಿಸುವ ಮೊದಲು ಮನೆಯ ಹಿರಿಯರೊಬ್ಬರು ಹಂದಿ ತಂದವರನ್ನು ಎಬ್ಬಿಸಿ ನಿಲ್ಲಿಸಿ, "ಕೈ ಯಾರದ್ದು?" ಎಂದು ಕೇಳುವುದು. ಅವರು ಕಡಿದವನ ಹೆಸರು ಹೇಳಿ ಚಪ್ಪರದೊಳಗೆ ಕರೆಯುವುದು. ಅವನು ಕೈ ತೊಳೆದುಕೊಂಡು ಬಂದು ನಿಂತರೆ, ಹೆಗಲಿಗೆ ಹೊಸ ಟುವಾಲು ಹಾಕಿ ಮೊದಲ ತಟ್ಟೆ ಅವನಿಗೆ ಕೊಡುವುದು. ಉಳಿದ ದಿನ ಹಿತ್ತಿಲ ಬಾಗಿಲಿನಿಂದಲೇ ಬಂದು ಹೋಗುವ ಮನುಷ್ಯನಿಗೆ ಅಷ್ಟು ಜನರ ಎದುರು ಸಿಗುತ್ತಿದ್ದ ಮರ್ಯಾದೆ ಅದೊಂದೇ.

ಹೊಗಳುವುದಕ್ಕೆ ಒಂದು ಕಾರಣ ಸಿಕ್ಕಿದರೆ ನಮ್ಮ ಪೊರ್ಬುಗಳು ಬಿಡುತ್ತಾರೆಯೇ? "ಇವ ಪೆದ್ರು! ಇವ್ನ್ ಕೈಯಂಗೆ ಚೂರಿ ಹೋಪುದ್ ನೀವ್ ಕಾಣ್ಕ್. ಎಲುಬಿಗ್ ತಾಗಿದ್ ಸದ್ದೇ ಕೇಂಬುದಿಲ್ಲೆ. ಒಂದ್ ಕೂದ್ಲ್ ಸಿಕ್ಕಿದ್ರೆ ನನ್ ಕಿವಿ ಕೊಯ್ನಿ!" ಜನ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಊಟಕ್ಕೆ ಕೂತವರಲ್ಲಿ ಬೊಂಬಾಯಿಯಿಂದ ಬಂದ ನೆಂಟರೂ ಇರುತ್ತಿದ್ದರು. ಅಂಥ ಒಬ್ಬರು ಅಲ್ಲಿನ ಮಾಂಸದಂಗಡಿಯಲ್ಲಿ ಮ್ಯಾನೇಜರು. ತಟ್ಟೆ ಖಾಲಿಯಾಗುವ ಮೊದಲೇ ಪೆದ್ರುವಿನ ಊರು ಮನೆ ವಿಚಾರಿಸಿ, ಹಿಂದಿರುಗಿ ಹೋಗುವಾಗ ಅವನನ್ನೂ ಕರೆದುಕೊಂಡು ಹೋದರು.

ಪೊರ್ಬುಗಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕಂಡಕಂಡವರಿಗೆ "ನಮ್ ಪೆದ್ರು ಬೊಂಬಾಯಿಯಂಗೆ ಇದ್ದ" ಎಂದು ಹೇಳಿಕೊಂಡು ತಿರುಗಿದರು. ಮುಂದಿನ ಮದುವೆಯಲ್ಲಿ ಪೆದ್ರುವಿನ ಕೈಕೆಳಗಿನವನನ್ನು ಹೊಗಳಿದರು. ಅವನು ಹಡಗಿನ ಅಡುಗೆಮನೆಗೆ ಹೋದ. ಅದರ ಮುಂದಿನ ವರ್ಷ ಇನ್ನೊಬ್ಬನನ್ನು ಹೊಗಳಿದರು, ಅವನು ಬೊಂಬಾಯಿಯ ಯಾವುದೋ ಕಾರ್ಖಾನೆ ಸೇರಿದ. "ಪೊರ್ಬುಗಳೆ, ನೀವ್ ಹಂದಿ ಮಾರೂದಾ, ಜನ ಮಾರೂದಾ?" ಎಂದು ನಾನು ಅಂಗಡಿಯಲ್ಲಿ ತಮಾಷೆ ಮಾಡಿದ್ದೆ. ಅವರು ಬಿದ್ದು ಬಿದ್ದು ನಕ್ಕಿದ್ದರು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಹೋದವರ ಜಾಗಕ್ಕೆ ಹೊಸಬರು ಬರಲಿಲ್ಲ. ರಕ್ತ, ಬಿಸಿನೀರು, ಕರುಳು ತೊಳೆಯುವ ಕೆಲಸ ಯಾರಿಗೆ ಬೇಕು? ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದರೂ ಊರಿಗೆ ಬರುವಾಗ ಪ್ಯಾಂಟು ಹಾಕಿಕೊಂಡು ಬರಬಹುದು. ಆ ಪ್ಯಾಂಟುಗಳನ್ನು ಹೊಲಿದು ಕೊಟ್ಟವನೇ ನಾನಾದ್ದರಿಂದ ದೂರುವ ಹಾಗಿಲ್ಲ.

ಭತ್ತವಾದರೆ ಕಣಜದಲ್ಲಿ ಕಾಯುತ್ತದೆ, ತೆಂಗಿನಕಾಯಿ ಅಟ್ಟದಲ್ಲಿ ಕಾಯುತ್ತದೆ. ಕಡಿಯುವ ಹದಕ್ಕೆ ಬಂದ ಹಂದಿ ಕಾಯುವುದಿಲ್ಲ. ದಿನಾ ಹೊಟ್ಟೆ ತುಂಬ ಹಾಕಲೇಬೇಕು, ಹಾಕಿದ್ದೆಲ್ಲ ಬರಿ ಕೊಬ್ಬಾಗುತ್ತದೆ, ಬರಿ ಕೊಬ್ಬಿನ ಹಂದಿ ಯಾರಿಗೂ ಬೇಡ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹಂದಿ ಸಾಕುವ ಮನೆಗಳಲ್ಲೆಲ್ಲ ಇದೇ ಪಾಡು. ಗೂಡಿನಲ್ಲಿ ಹಂದಿ, ಮದುವೆಮನೆಯಲ್ಲಿ ಕಾದು ಕೂತ ಜನ, ನಡುವೆ ಚೂರಿ ಹಿಡಿಯುವವನಿಲ್ಲ. ನಾವುಂದದಲ್ಲಿ ಒಬ್ಬರು ಒಂದು ಮದುವೆಗೆಂದು ಹಟ ಹಿಡಿದು ತಾವೇ ಕಡಿಯಲು ಹೋಗಿ ಪಿತ್ತ ಒಡೆದರು. ಇಡೀ ಹಂದಿ ಕಹಿ. ಬಾಯಿಗಿಟ್ಟವರೆಲ್ಲ ಹಿತ್ತಿಲಿಗೆ ಓಡಿದರು. ಆ ಮದುವೆಯಲ್ಲಿ ನನ್ನ ಮೀನಿನ ಸಾರಿಗೆ ಬಂದ ಬೆಲೆ ಬೇರೆಲ್ಲೂ ಬಂದದ್ದಿಲ್ಲ. ಆ ಮನೆಯವರು ಮಾರನೆಯ ವಾರವೇ ಗೂಡು ಕಿತ್ತರು. ಒಬ್ಬೊಬ್ಬರಾಗಿ ಉಳಿದವರೂ ಕಿತ್ತರು.

ನಮ್ಮ ಪೊರ್ಬುಗಳಿಗೆ ಉಳಿದವನು ಇನಾಸ ಒಬ್ಬನೇ. ಸಾಸ್ತಾನದವನು, ಪೆದ್ರುವಿಗೆ ಬಿಸಿನೀರು ಹೊಯ್ದು ಕೊಡುತ್ತಾ ಕೆಲಸ ಕಲಿತವನು. ಒಂದು ಅಂಗಿಯ ಅಳತೆ ಕೊಡಲು ಬಂದರೆ ಹೇಳಬೇಕಾದ ಮಾತನ್ನೂ ಹೇಳದೆ ಹೋಗುವಷ್ಟು ನಾಚಿಕೆಯ ಮನುಷ್ಯ. ಚೂರಿಗಳನ್ನು ಗೋಣಿಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಇವತ್ತು ಬಾರ್ಕೂರು, ನಾಳೆ ಕುಂದಾಪುರ ಎಂದು ಬಸ್ಸಿನಲ್ಲಿ ಓಡಾಡುತ್ತಿದ್ದ. ಪೊರ್ಬುಗಳನ್ನು ಮಾತ್ರ ಬಾಪ್ಪು ಎನ್ನುತ್ತಿದ್ದ, ಕೊಂಕಣಿಯಲ್ಲಿ ಚಿಕ್ಕಪ್ಪ ಎಂದ ಹಾಗೆ. ಯಾರು ಕರೆದರೂ ಬಾಪ್ಪುವಿನ ಕೆಲಸ ಮುಗಿಸಿಯೇ ಹೋಗುವುದು ಅವನ ಪದ್ಧತಿ. ಇನಾಸ ಇದ್ದರೆ ಗೂಡು ಉಂಟು, ಇನಾಸ ಹೋದರೆ ಗೂಡಿಲ್ಲ. ಇದು ಪೊರ್ಬುಗಳಿಗೂ ಗೊತ್ತಿತ್ತು, ಅವರ ಹೆಂಡತಿ ಬಾಯಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಈಸ್ಟರ್ ಮುಗಿದು ಮದುವೆಗಳು ಶುರುವಾಗುವ ಹೊತ್ತು. ಗೂಡಿನ ತುಂಬ ಹದಕ್ಕೆ ಬಂದ ಹಂದಿಗಳು. ಬ್ರಹ್ಮಾವರದ ಹತ್ತಿರದ ಮದುವೆಯೊಂದಕ್ಕೆ ಹೊರಡುವ ಮುನ್ನ ಬಾಯಮ್ಮ ನನ್ನೆದುರೇ ಹೇಳಿದರು. "ಟೈಲರ್ರೆ, ಇವ್ರ್ ಬಾಯಿಗೊಂದ್ ಗುಂಡಿ ಹೊಲ್ದ್ ಕೊಡಿ. ಇನಾಸ ಒಬ್ಬ ಆದ್ರೂ ಉಳೀಲಿ."

"ಇಲ್ಲೆ ಮರಾಯ್ತಿ, ಇವತ್ತ್ ನಾ ಬಾಯಿ ಬಿಡೂದಿಲ್ಲೆ" ಎಂದು ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು.

ಅವತ್ತು ಮದುವೆಮನೆಯ ಹಿತ್ತಿಲಲ್ಲೇ ಕಡಿದದ್ದು; ಇನಾಸನ ಕೆಲಸ ಹೇಗಿತ್ತೆಂದು ತಿನ್ನದ ನನಗೇ ತಿಳಿಯುತ್ತಿತ್ತು. ಅಡುಗೆಯವರೆಲ್ಲ ಅದನ್ನೇ ಮಾತಾಡುತ್ತಿದ್ದರು. ಚಪ್ಪರದ ನಡುವೆ ಚೌಕುಳಿ ಕೋಟು ಹಾಕಿಕೊಂಡು ಬೊಂಬಾಯಿಯ ನೆಂಟರೊಬ್ಬರು ಕೂತಿದ್ದರು. ಮದುಮಗನ ಮಾವ; ದೊಡ್ಡ ಮಾಂಸದಂಗಡಿ ಅವರದ್ದು. ಹಿರಿಯರು ಟುವಾಲು ಹಿಡಿದು ಎದ್ದು, "ಕೈ ಯಾರದ್ದು?" ಎಂದರು.

ಪೊರ್ಬುಗಳು ಎದ್ದರು. ಚಪ್ಪರದ ಕಂಬದ ಹತ್ತಿರ ಇನಾಸ ಕೈ ತೊಳೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ನಿಂತಿದ್ದ. ಪೊರ್ಬುಗಳು ಅವನ ಕಡೆ ನೋಡಲಿಲ್ಲ. ನೋಡಿದ್ದು ಚೌಕುಳಿ ಕೋಟನ್ನು.

"ಅದ್... ಯಾರೋ ಕಡ್ದ್ರ್. ಎಂತದೋ ಒಂದ್, ಸುಮಾರ್ ಆಯ್ತ್. ಎಲ್ರೂ ಊಟ ಮಾಡಿ" ಎಂದು ಹೇಳಿ ಕೂತುಬಿಟ್ಟರು.

ಟುವಾಲು ಹಿಡಿದ ಹಿರಿಯರು ಏನು ಮಾಡಬೇಕೆಂದು ತಿಳಿಯದೆ ಅದನ್ನು ಮಡಚಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಇನಾಸ ಇನ್ನೂ ಸ್ವಲ್ಪ ಹೊತ್ತು ಕಂಬದ ಹತ್ತಿರವೇ ನಿಂತಿದ್ದ. ತೊಳೆದ ಕೈಯನ್ನು ಅಂಗಿಗೆ ಇನ್ನೊಮ್ಮೆ ಒರೆಸಿಕೊಂಡು ಹಿತ್ತಿಲ ಕಡೆ ಹೋದ.

ಪೊರ್ಬುಗಳು ನನ್ನ ಕಡೆ ಬಾಗಿ, ಪರೀಕ್ಷೆ ಪಾಸಾದವರ ಹಾಗೆ, "ಕಂಡ್ರ್ಯಾ ಟೈಲರ್ರೆ, ಹ್ಯಾಂಗೆ ಬಾಯಿ ಮುಚ್ಕಂಡೆ!" ಎಂದರು.

"ಅವ ಕೇಳಿದ ಪೊರ್ಬುಗಳೆ. ಅಲ್ಲೇ ನಿಂತಿದ್ದ" ಎಂದೆ.

ಅವರ ಮುಖ ಒಂದು ಗಳಿಗೆ ಬಾಡಿತು. "ಅವ್ನಿಗ್ ಗೊತ್ತಾತ್ತ್, ನಾ ಎಂತಕ್ ಹೇಳ್ದೆ ಅಂದ್. ಊಟ ಆದ್ ಮೇಲೆ ಮಾತಾಡ್ತೆ" ಎಂದರು. ಊಟ ಮುಗಿಸಿ ಹಿತ್ತಿಲಿಗೆ ಹೋದರೆ ಇನಾಸನೂ ಇಲ್ಲ, ಚೂರಿಗಳ ಗೋಣಿಯೂ ಇಲ್ಲ. ಮೊದಲ ತಟ್ಟೆಯೇನು, ಕೊನೆಯ ತಟ್ಟೆಯನ್ನೂ ಅವನು ಮುಟ್ಟಿರಲಿಲ್ಲ.

ಮುಂದಿನ ಮದುವೆಗೆ ಹೇಳಿ ಕಳಿಸಿದರೆ ಕೈ ನೋವು ಎಂದು ಉತ್ತರ ಬಂತು. ಅದರ ಮುಂದಿನದಕ್ಕೂ ಅದೇ ಉತ್ತರ. ಗೂಡಿನ ಹಂದಿಗಳು ಉಬ್ಬುತ್ತಿದ್ದವು, ಪೊರ್ಬುಗಳು ಇಳಿಯುತ್ತಿದ್ದರು. ಒಂದು ಭಾನುವಾರ ಪೂಜೆ ಮುಗಿಸಿಕೊಂಡು ನನ್ನ ಮನೆಗೆ ಬಂದು, "ಸಾಸ್ತಾನಕ್ ಹೋಯಿ ಬಪ್ಪ ಟೈಲರ್ರೆ. ಒಬ್ನೇ ಹೋಪುಕೆ ಮುಖ ಇಲ್ಲೆ" ಎಂದರು. ಬಸ್ಸಿನಲ್ಲಿ ಅವರು ಯಾರನ್ನೂ ಹೊಗಳಲಿಲ್ಲ.

ಇನಾಸ ಅಂಗಳದಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಚಾಪೆ ಹಾಸಿದ. ಅವನ ತಾಯಿ ಬೆಲ್ಲ, ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತರು.

"ಕೈ ಹ್ಯಾಂಗಿತ್ತ್ ಇನಾಸ?" ಪೊರ್ಬುಗಳು ಕೇಳಿದರು.

"ಸುಮಾರ್ ಇತ್ತ್, ಬಾಪ್ಪು."

ಪೊರ್ಬುಗಳು ತಲೆ ತಗ್ಗಿಸಿದರು. "ಅವತ್ ನಾ ಹೇಳ್ದದ್ ಮನ್ಸಿಂದ ಅಲ್ಲ ಮರಾಯ. ಆ ಬೊಂಬಾಯಿಯವ ಎದ್ರಿಗೇ ಕೂಕಂಡಿದ್ದ. ನಿನ್ ಹೆಸ್ರ್ ಹೇಳಿದ್ರೆ ನಿನ್ನೂ ಕರ್ಕಂಡ್ ಹೋತಿದ್ದ. ನೀನೊಬ್ಬ ಆದ್ರೂ ಇರ್ಲಿ ಅಂದ್..."

ಅವರಿಬ್ಬರೂ ತಮ್ಮೊಳಗೆ ಮಾತಾಡುವುದು ಕೊಂಕಣಿಯಲ್ಲಿ. ಇನಾಸ ಮಾತ್ರ ಅವತ್ತು ನನ್ನ ಕಡೆ ಒಮ್ಮೆ ನೋಡಿ, ನನಗೂ ಕೇಳಲಿ ಎಂದು ಕನ್ನಡದಲ್ಲೇ ಹೇಳಿದ.

"ಅವ ಬೆಳಿಗ್ಗೆಯೇ ಕೇಂಡಿದ್ದ ಬಾಪ್ಪು. ನಾ ಹಂಡಿ ಕೆಳ್ಗ್ ಬೆಂಕಿ ಹಾಕ್ತಿಪ್ಪತಿಗೆ ಬಂದ್ ಹತ್ರ ಕೂಕಂಡ. ಬೊಂಬಾಯಿಗ್ ಬತ್ಯಾ ಅಂದ. ಇಲ್ಲೆ ಅಂದೆ. ನಮ್ ಬಾಪ್ಪುಗ್ ನಾ ಒಬ್ನೇ ಇಪ್ಪುದ್, ನಾ ಹೋದ್ರೆ ಅವ್ರ್ ಗೂಡ್ ಮುಚ್ಕ್ ಅಂದೆ. ಅಷ್ಟ್ ಹೇಳಿಯೇ ನಾ ಕೈ ತೊಳ್ಕಂಡ್ ಬಂದ್ ನಿಂತದ್ದ್."

ನಾನು ನೀರಿನ ಲೋಟ ಕೆಳಗಿಟ್ಟೆ. ಪೊರ್ಬುಗಳು ಅವನನ್ನು ಹೊಗಳಲು ಶುರು ಮಾಡಿದರು. ಹಾಗೆ ಅವರು ಯಾರನ್ನೂ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಪೆದ್ರುವನ್ನೂ ಅಷ್ಟು ಹೊಗಳಿರಲಿಲ್ಲ. ಇನಾಸ ಕೆರೆದ ಚರ್ಮ, ಬಿಡಿಸಿದ ಎಲುಬು, ಒಮ್ಮೆ ಜ್ವರವಿದ್ದರೂ ಹೊಳೆ ದಾಟಿ ಬಂದದ್ದು, ಅವನಿರುವ ಮನೆಯಲ್ಲಿ ಹಂದಿ ಕೂಗಿದ್ದು ಹೊರಗೆ ಕೇಳಿಸಿದ್ದಿಲ್ಲ ಎಂಬುದು, ಎಲ್ಲ. ಹೇಳುತ್ತಾ ಹೇಳುತ್ತಾ ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಇನಾಸ ಕೊನೆಯವರೆಗೂ ಕೇಳಿದ. "ಇಲ್ಲ್ ಕೇಂಬುಕೆ ನಮ್ಮಮ್ಮ ಒಬ್ಳೇ ಇಪ್ಪುದ್ ಬಾಪ್ಪು. ಅವ್ಳಿಗ್ ಮೊದ್ಲೇ ಗೊತ್ತಿತ್ತ್" ಎಂದು ಮೆತ್ತಗೆ ಹೇಳಿ ಮಡಲನ್ನು ಮತ್ತೆ ಕೈಗೆ ತೆಗೆದುಕೊಂಡ.

ಆಮೇಲೆ ಬೇಗ ಬೇಗ ಮುಗಿಯಿತು. ಘಟ್ಟದ ಮೇಲಿನ ಯಾರೋ ಲಾರಿ ತಂದು, ಕೊಬ್ಬಿದ ಹಂದಿಗಳನ್ನು ಜೀವಂತ ಕಾಲು ಕಟ್ಟಿ ತುಂಬಿಸಿಕೊಂಡು, ಕೊಟ್ಟಷ್ಟು ಕೊಟ್ಟು ಹೋದರು. ಕಡಿಯುವ ದಿನ ಮನೆಯಲ್ಲೇ ಇರದ ಮನುಷ್ಯ ಅವತ್ತು ಲಾರಿಯ ಹಿಂಬದಿ ಹಿಡಿದುಕೊಂಡು ನಿಂತು, ಒಂದೊಂದನ್ನೂ ಹೆಸರು ಹಿಡಿದು ಕರೆದು, "ಇದ್ರ್ ಕಾಲ್ ಗಟ್ಟಿ ಕಟ್ಬ್ಯಾಡ, ನೋವಾತ್ತ್" ಎಂದು ಕೂಲಿಯವನಿಗೆ ಹೇಳುತ್ತಿದ್ದರು. ನನ್ನ ಹೆಂಡತಿ ಅವರ ತೋಟದಂಚಿನವರೆಗೆ ಹೋಗಿ ಅದನ್ನು ನೋಡಿ ಮನೆಗೆ ಬಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮಳೆ ಹಿಡಿಯುವ ಮೊದಲೇ ಇನಾಸ ಬೊಂಬಾಯಿಗೆ ಹೊರಟ ಸುದ್ದಿಯೂ ಬಂತು. ಆ ಚೌಕುಳಿ ಕೋಟಿನವರ ಅಂಗಡಿಗೇ.

ಅವನು ಹೊರಟ ದಿನ ಪೊರ್ಬುಗಳು ಬೆಳಿಗ್ಗೆಯೇ ನನ್ನ ಅಂಗಡಿಯ ಮೆಟ್ಟಿಲಲ್ಲಿ ಬಂದು ಕೂತಿದ್ದರು. ಕುಂದಾಪುರದ ಕಡೆಯಿಂದ ಮಂಗಳೂರಿನ ಬಸ್ಸು ಬಂದು ನಿಂತದ್ದೇ ತಡ, ಎದ್ದು ಹೋಗಿ ಹತ್ತಿದರು. ಕಿಟಕಿಯಲ್ಲಿ ಇನಾಸನ ತಲೆ ಕಾಣುತ್ತಿತ್ತು. ಬಸ್ಸಿನ ತುಂಬ ಮೀನಿನ ಬುಟ್ಟಿಯವರು, ಕೋರ್ಟಿಗೆ ಹೋಗುವವರು. ಪೊರ್ಬುಗಳು ನಡುವೆ ನಿಂತುಕೊಂಡು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ್ದು ನನ್ನ ಮಷೀನಿನವರೆಗೂ ಕೇಳಿಸಿತು.

"ಹ್ವಾಯ್, ಎಲ್ರೂ ಕೇಣಿ. ಇವ ಇನಾಸ, ಸಾಸ್ತಾನದವ. ಈ ಬದಿಯಂಗೆ ಇವ್ನಂಥಾ ಕೈ ಇಲ್ಲೆ..."

ಜನ ಮುಖ ಮುಖ ನೋಡಿಕೊಂಡರು. 'ಎಂತ ಕೈ? ಯಾವ ಇನಾಸ?' ಎಂದು ಯಾರೋ ನಕ್ಕರು. ಕಂಡಕ್ಟರ್ ಸೀಟಿ ಊದಿದ. ಇವರು ಇಳಿಯಲಿಲ್ಲ. ಬಸ್ಸು ಅವರನ್ನೂ ಸೇರಿಸಿಕೊಂಡು ಹೊರಟೇಹೋಯಿತು.

ಮಧ್ಯಾಹ್ನ ದಾಟಿದ ಮೇಲೆ, ಬಿಸಿಲಿನಲ್ಲಿ, ಕೊಡೆಯನ್ನೂ ಬಿಚ್ಚದೆ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯಲ್ಲಿ ನಡೆದು ಬರುತ್ತಿರುವುದು ಕಾಣಿಸಿತು. ಸಂತೆಕಟ್ಟೆಯವರೆಗೆ ಬಸ್ಸಿನಲ್ಲೇ ಹೋಗಿ, ಅಲ್ಲಿಂದ ನಡೆದು ಬಂದರಂತೆ. ಮೆಟ್ಟಿಲಲ್ಲಿ ಕೂತರು. ನಾನು ಚಹಾ ತರಿಸಿದೆ. ಹೇಳಿ ಹೇಳಿ ದನಿ ಒಡೆದುಹೋಗಿತ್ತು.

"ಎಲ್ಲಾ ಹೇಳ್ದೆ ಟೈಲರ್ರೆ" ಎಂದರು. "ಒಂದೂ ಬಿಡ್ಲಿಲ್ಲೆ."

"ಇನಾಸ ಎಂತ ಅಂದ?"

"ಎಂತದೂ ಅಂದಿಲ್ಲೆ. ಕಿಟ್ಕಿಂದ ಹೊರ್ಗೇ ಕಾಣ್ತಾ ಕೂಕಂಡಿದ್ದ." ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು. "ಕಂಡಕ್ಟರ್ ಬಂದಾಗ ಟಿಕೇಟ್ ತಕಂಡ. ನಂದೂ ಸೇರ್ಸಿ."